ಎರಡನೇ ಸಲದ ರಕ್ತ

“ಇನ್ನೊಂದ್ಸಲ ರಕ್ತ ತಗೋಬೇಕು. ಅಲ್ಲೀವರೆಗೂ ಬೆಡ್ಡಿಂದ ಇಳೀಬೇಡಿ,” ಅಂದರು ಸಿಸ್ಟರ್. ಅಪ್ಪ ಆಗಲೇ ಇಳಿದು ಕಾಲಲ್ಲಿ ಚಪ್ಪಲಿ ತಡಕುತ್ತಿದ್ದ.

“ಒಂದ್ಸಲ ತಗಂಡ್ರಲ್ಲವ್ವ. ಏನೂ ಇಲ್ಲ ಅಂತ ನೀವೇ ಅಂದ್ರಿ. ಗ್ಯಾಸು ಕಣವ್ವ ಇದು. ಲೇ, ಬೈಕ್ ತೆಗಿಯೋ.”

ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವನನ್ನು ನಿಟ್ಟೂರಿನಿಂದ ತುಮಕೂರಿಗೆ ಆಟೋದಲ್ಲಿ ತಂದಿದ್ದೆವು. ಪಕ್ಕದಲ್ಲಿ ಅವ್ವ, ಹಿಂದೆ ಬೈಕಿನಲ್ಲಿ ನಾನು. ಇಸಿಜಿ ಸರಿಯಾಗಿತ್ತು. ರಕ್ತದ ರಿಪೋರ್ಟೂ ಸರಿಯಾಗಿತ್ತು.

ಡಾಕ್ಟರ್ ಬಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು. “ನೋವು ಶುರುವಾದ ತಕ್ಷಣ ರಕ್ತದಲ್ಲಿ ಗೊತ್ತಾಗಲ್ಲ ಯಜಮಾನ್ರೇ. ಹಾರ್ಟಿಗೆ ಪೆಟ್ಟು ಬಿದ್ದಿದ್ರೆ, ಅದು ರಕ್ತದಲ್ಲಿ ಕಾಣಿಸ್ಕೊಳ್ಳೋಕೆ ಸ್ವಲ್ಪ ಹೊತ್ತು ಬೇಕು. ಈಗ ಹೋದ್ರೆ ದಾರೀಲೇ ಏನಾದ್ರೂ ಆಗಬಹುದು.”

ಅಪ್ಪ ಕೇಳಲಿಲ್ಲ. ಅವನಿಗೆ ಚಿಂತೆ ಹಾರ್ಟಿನದಲ್ಲ. ಸ್ನಾನ ಆಗಿರಲಿಲ್ಲ, ಲಿಂಗಪೂಜೆ ಆಗಿರಲಿಲ್ಲ. ಪೂಜೆ ಮಾಡದೆ ಅವನು ಹನಿ ನೀರೂ ಮುಟ್ಟುವವನಲ್ಲ. ಸಿಸ್ಟರ್ ಕೊಟ್ಟ ಮಾತ್ರೆ ಹಾಗೇ ಮುಷ್ಟಿಯಲ್ಲಿತ್ತು.

“ಮನೇಗೋಗಿ ಪೂಜೆ ಮುಗಿಸ್ಕಂಡು ಬತ್ತೀನಿ.”

ಆಗ ಅವ್ವ ಎದ್ದಳು. “ಲಿಂಗ ಎಲ್ಲೈತೆ?”

“ಕತ್ತಿನಲ್ಲೈತೆ.”

“ಮತ್ತೆ ಮನೇಗ್ಯಾಕೆ? ಶಿವ ಏನು ನಿಟ್ಟೂರಲ್ಲೇ ಉಳ್ಕಂಡ್ನಾ?”

“ಸ್ನಾನ ಆಗಿಲ್ಲ ಕಣೇ. ಆಸ್ಪತ್ರೆ ಬೇರೆ, ಮೈಲಿಗೆ.”

“ಎದೆ ಮೇಲಿರೋನಿಗೆ ಎದೆ ನೋವು ಗೊತ್ತಾಗಲ್ವಾ? ಕೂತ್ಕ.”

ಪಕ್ಕದ ಬೆಡ್ಡಿನವನು ನಕ್ಕ. ಅಪ್ಪ ನಗಲಿಲ್ಲ. ಆದರೆ ಕೂತ.

ಅವ್ವ ಸೆರಗು ಒದ್ದೆ ಮಾಡಿ ಅವನ ಮುಖ, ಕೈ ಒರೆಸಿದಳು. ಸೊಂಟದ ಚೀಲದಿಂದ ವಿಭೂತಿ ತೆಗೆದಳು. ಅಪ್ಪ ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿದ. ಎದೆಗೆ ಅಂಟಿಸಿದ್ದ ವೈರುಗಳು ಹಾಗೇ ಇದ್ದವು. ಸಿಸ್ಟರ್ ಪರದೆ ಎಳೆದರು. ಪೂಜೆ ಮುಗಿದ ಮೇಲೆ ಅಪ್ಪ ನೀರು ಕುಡಿದ, ಮಾತ್ರೆ ನುಂಗಿದ, ಮಲಗಿದ.

ಮಧ್ಯಾಹ್ನ ಮತ್ತೆ ರಕ್ತ ತೆಗೆದರು. ರಿಪೋರ್ಟ್ ಹಿಡಿದುಕೊಂಡು ಡಾಕ್ಟರೇ ಬೇಗ ಬೇಗ ನಡೆದು ಬಂದರು. “ಈಗ ರಕ್ತದಲ್ಲಿ ಕಾಣಿಸ್ಕೊಂಡಿದೆ. ಹಾರ್ಟ್ ಅಟ್ಯಾಕೇ. ಆಂಜಿಯೋಗ್ರಾಮ್ ಮಾಡಲೇಬೇಕು.”

ಅವ್ವ ಅಪ್ಪನ ಕಾಲು ಹಿಡಿದುಕೊಂಡಳು, ಬಿಡಲಿಲ್ಲ. ನನ್ನ ಕೈಯಲ್ಲಿ ಬೈಕಿನ ಕೀ ಇನ್ನೂ ಇತ್ತು. ಅಪ್ಪನ ಮಾತು ನಡೆದಿದ್ದರೆ ಅಷ್ಟೊತ್ತಿಗೆ ಗುಬ್ಬಿ ದಾಟಿ ನಿಟ್ಟೂರು ಸೇರಿರುತ್ತಿದ್ದೆವು, ದಾರಿಯುದ್ದಕ್ಕೂ ಅವನು ನನ್ನ ಬೆನ್ನ ಹಿಂದೆ ಕೂತಿರುತ್ತಿದ್ದ.

ಸ್ಟೆಂಟ್ ಹಾಕಿದರು. ಅಪ್ಪ ಇದ್ದಾನೆ. ದಿಬ್ಬ ಹತ್ತುವಾಗ ನಿಂತು ನಿಂತು ಹತ್ತುತ್ತಾನೆ.

ಅಷ್ಟೇ. ಇದಕ್ಕಿಂತ ಹೆಚ್ಚು ಹೇಳೋಕೆ ನನ್ನ ಹತ್ತಿರ ಏನೂ ಇಲ್ಲ.