ನಾಲ್ಕನೇ ಹಸಿರು

ಹಸಿರಣ್ಣನ ಎರಡು ಕಣ್ಣುಗಳ ಮುಂದೆ ದೇವೇಂದ್ರನ ಸಾವಿರ ಕಣ್ಣೂ ಮಂಕು ಎಂದು ಕಡಲ ಪ್ರಯೋಗಾಲಯದಲ್ಲಿ ಪ್ರತೀತಿ. ಹಡಗಿನ ಹಿಂದೆ ನೀರಲ್ಲಿ ಎಳೆದು ತಂದ ರೇಷ್ಮೆ ಪಟ್ಟಿಗೆ ಮೀನುಗಳ ಅನ್ನವಾದ ಸೂಕ್ಷ್ಮ ಸಸ್ಯಗಳು ಎಷ್ಟು ಅಂಟಿವೆಯೆಂದು ಅದರ ಹಸಿರು ನೋಡಿ ಹೇಳುವುದು ಅವನ ಕೆಲಸ. ಅದಕ್ಕೊಂದು ಬಣ್ಣದ ಕಾರ್ಡು. ತೀರಾ ತೆಳುವಿನಿಂದ ಕಡುಹಸಿರಿನವರೆಗೆ ನಾಲ್ಕು ಚೌಕ. ಲೋಕವೆಲ್ಲ ಅವನಿಗೆ ಆ ನಾಲ್ಕರಲ್ಲೇ ಅಡಕ. "ಏನಮ್ಮಾ, ಸೊಪ್ಪು ಎರಡಕ್ಕೆ ಇಳಿದುಬಿಟ್ಟಿದೆ!" ಎಂದು ತರಕಾರಿಯವಳನ್ನು ರೇಗಿಸುತ್ತಾನೆ. ಮೊದಲ ಭೇಟಿಯಲ್ಲೇ ಹೆಂಡತಿಯ ಹಸಿರು ಉಡುಪಿಗೆ ಮೂರು ಕೊಟ್ಟು ಇವತ್ತಿಗೂ ಬೈಸಿಕೊಳ್ಳುತ್ತಾನೆ. ಆದರೆ ಕಡಲು ಕಾದಂತೆಲ್ಲ ಮೇಲಿನ ಬಿಸಿನೀರು ಮುಚ್ಚಳದಂತೆ ಕೂತು, ಆ ಸಸ್ಯಗಳಿಗೆ ಬೇಕಾದ ತಳದ ಸತ್ವವನ್ನು ಮೇಲೇಳಲು ಬಿಡುತ್ತಿಲ್ಲ. ಪಟ್ಟಿಗಳು ವರ್ಷವರ್ಷಕ್ಕೂ ಬಿಳಿಚಿಕೊಳ್ಳುತ್ತಿವೆ. ಕಾರ್ಡಿನ ಮೊದಲೆರಡು ಚೌಕಗಳು ಅವನ ಬೆರಳು ತಾಗಿ ತಾಗಿ ಸವೆದಿವೆ. ಹನ್ನೊಂದು ವರ್ಷದಿಂದ ಕೆಲಸವಿಲ್ಲದ ನಾಲ್ಕನೆಯದು ಹೊಸದಾಗಿಯೇ ಇದೆ. ನೆಂಟರ ಕೋಣೆಯ ಧೂಳು ಹೊಡೆಯುವವರಂತೆ ದಿನಾ ಅದನ್ನು ಮೆಲ್ಲಗೆ ಊದಿಡುತ್ತಾನೆ. ನಿವೃತ್ತಿಯ ದಿನ ಕೊನೆಯ ಪಟ್ಟಿ ಮೇಜಿಗೆ ಬಂದಾಗ ಮೇಲಧಿಕಾರಿ, "ಇವತ್ತೊಂದಿನ ನಾಲ್ಕು ಅಂತ ಬರ್ದುಬಿಡಿ ಅಣ್ಣಾ, ಯಾರು ಕೇಳ್ತಾರೆ?" ಎಂದರು. ಹಸಿರಣ್ಣ ಕನ್ನಡಕ ಒರೆಸಿಕೊಂಡು, ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಒಂದು, ಸಾರ್," ಎಂದ.