ಬರೆದು ಕೊಟ್ಟ ನೋಟಿಸ್

ಜೂನ್ ಒಂದು, ಭಾನುವಾರ. ಮತ್ತಿಕೆರೆಯ ಮನೆ ಖಾಲಿ ಮಾಡುತ್ತೇವೆಂದು ಅವತ್ತು ಓನರ್ ಆಂಟಿಗೆ ಪತ್ರ ಕೊಟ್ಟೆ. ಮಹಡಿಯ ಮೇಲಿನ ಆ ಎರಡು ಕೋಣೆಗಳಲ್ಲಿ ನಾನೂ ಅವ್ವನೂ ನಾಲ್ಕು ವರ್ಷದಿಂದ ಇದ್ದೆವು. ಮೆಟ್ಟಿಲು ಇಪ್ಪತ್ತಾರು. ಅವ್ವನಿಗೆ ಮೊಣಕಾಲು ನೋವು. ಮೇ ತಿಂಗಳಿಡೀ ಅವಳು ಕೆಳಗಿಳಿದದ್ದು ಒಂಬತ್ತು ಸಲ ಎಂದು ನನ್ನ ಡೈರಿಯಲ್ಲಿದೆ. ವಿದ್ಯಾರಣ್ಯಪುರದಲ್ಲಿ ನೆಲಮಹಡಿಯ ಮನೆ ಸಿಕ್ಕಿತ್ತು. ಆಷಾಢ ಹಿಡಿಯುವ ಮೊದಲೇ, ಹತ್ತೊಂಬತ್ತರೊಳಗೆ ಹೋಗುತ್ತೇವೆಂದು ಬರೆದು, ನಕಲಿನ ಮೇಲೆ ಆಂಟಿಯ ಸಹಿಯನ್ನೂ ಹಾಕಿಸಿಕೊಂಡೆ.

"ಇದೇನಮ್ಮ, ಕೋರ್ಟಿಗೆ ಹೋಗೋ ಹಂಗೆ? ಬಾಯಲ್ಲಿ ಹೇಳಿದ್ರೆ ಸಾಲ್ತಿರ್ಲಿಲ್ವಾ?" ಎಂದರು.

ಹದಿಮೂರನೇ ತಾರೀಕು ವಿದ್ಯಾರಣ್ಯಪುರದವರ ಫೋನ್ ಬಂತು. ಅವರ ಮಗಳು ಅಳಿಯ ಆ ಮನೆಗೆ ಬರುತ್ತಿದ್ದಾರಂತೆ, ನಮಗೆ ಕೊಡಲಾಗುವುದಿಲ್ಲವಂತೆ. ಉಳಿದದ್ದು ಆರು ದಿನ. ನೋಟಿಸ್ ಹಿಂದಕ್ಕೆ ಪಡೆಯುತ್ತಿದ್ದೇವೆಂದು ಇನ್ನೊಂದು ಪತ್ರ ಬರೆದು ಕೆಳಗೆ ಓಡಿದೆ.

ಆಂಟಿ ಅದನ್ನು ಬಿಚ್ಚಲೂ ಇಲ್ಲ. "ಮೊದಲನೇ ಕಾಗದಾನ ನಮ್ಮ ಮೈದುನನಿಗೆ ತೋರಿಸಿದ್ದೆ. ಬರ್ದೇ ಕೊಟ್ಟಿದಾರಲ್ಲ ಅಂತ ಅವನು ಹೊಸದಾಗಿ ಮದುವೆಯಾದವರಿಗೆ ಮಾತು ಕೊಟ್ಬಿಟ್ಟ. ಶುಕ್ರವಾರ ಇಪ್ಪತ್ತಕ್ಕೆ ಅವರು ಹಾಲು ಉಕ್ಕಿಸ್ತಾರೆ. ನೀನು ಬಾಯಲ್ಲಿ ಹೇಳಿದ್ದಿದ್ರೆ, ಕೇಳಿಸ್ಕೊಂಡೇ ಇಲ್ಲ ಅಂದ್ಬಿಡ್ತಿದ್ದೆ ಕಣಮ್ಮ."

ಶನಿವಾರ ಮತ್ತಿಕೆರೆ, ಸಂಜಯನಗರ ಸುತ್ತಿ ಹನ್ನೊಂದು ಮನೆ ನೋಡಿದೆ. ನೆಲಮಹಡಿಯವು ಎರಡೇ. ಒಂದು ಕಡೆ "ಮನೇಲಿ ಗಂಡಸರು ಯಾರೂ ಇಲ್ವಾ?" ಎಂದು ಕೇಳಿ ಬಾಗಿಲು ಹಾಕಿಕೊಂಡರು. ಇನ್ನೊಂದರ ಯಜಮಾನರು ಕೊಡುವುದೋ ಬಿಡುವುದೋ ಶ್ರಾವಣದಲ್ಲಿ ನೋಡೋಣ ಎಂದರು.

ಭಾನುವಾರ ಮದುಮಗನ ತಾಯಿ ಟೇಪು ಹಿಡಿದು ಮೇಲೆ ಬಂದರು, ಹಿಂದೆಯೇ ಆಂಟಿ. ಬಂದವರು ಬೀರುವಿಗೆಂದು ಗೋಡೆ ಅಳೆದರು, ಅಡುಗೆಕಟ್ಟೆ ಅಳೆದರು. ಕಟ್ಟೆಗೆ ಕೈ ಊರಿಕೊಂಡು ನಿಂತಿದ್ದ ಅವ್ವ ಪಕ್ಕಕ್ಕೆ ಸರಿದಳು.

"ಆ ಮೂಲೇಲಿರೋದನ್ನ ಗುರುವಾರನೇ ತೆಗೀರಿ. ತೊಳೆಸ್ಬೇಕು," ಎಂದರು ಟೇಪು ಹಿಡಿದವರು.

"ಮೂಲ್ಯಾಗ ದೇವ್ರು ಅದಾವ್ರಿ," ಅಂದಳು ಅವ್ವ.

ನಾನು ಓನರ್ ಆಂಟಿಯ ಮುಂದೆ ಹೋದೆ. "ನಮಗೆ ಬೇರೆ ಮನೆ ಸಿಕ್ಕಿಲ್ಲ, ಆಂಟಿ. ಶುಕ್ರವಾರಕ್ಕೆ ಖಾಲಿ ಮಾಡೋಕಾಗಲ್ಲ," ಎಂದೆ.

ಮದುಮಗನ ತಾಯಿಯೂ ಆಂಟಿಯ ಕಡೆ ತಿರುಗಿದರು. "ಏನ್ರೀ ಇದು? ಬರ್ದು ಕೊಟ್ಟಿದಾರೆ ಅಂದ್ರಲ್ಲ ನಿಮ್ಮ ಮೈದುನ!"

ಆಂಟಿ ಅವ್ವನನ್ನೇ ನೋಡುತ್ತಿದ್ದರು. ಆಮೇಲೆ, "ಶುಕ್ರವಾರ ಆಗಲ್ಲ ಕಣ್ರೀ. ಆಷಾಢದಲ್ಲಿ ನೀವೂ ಬರಲ್ಲ, ನಾನೂ ಇವರನ್ನ ಕಳ್ಸಲ್ಲ. ಶ್ರಾವಣಕ್ಕೆ ಬನ್ನಿ, ಮಾತಾಡೋಣ," ಎಂದರು.

"ಅಲ್ಲೀತನಕ ನಮ್ಮ ಹುಡುಗ್ರು ಎಲ್ಲಿರ್ಬೇಕು?"

"ಮಗ ನಿಮ್ಮನೇಲಿರ್ಲಿ. ಮೊದಲ ಆಷಾಢ, ಸೊಸೆ ಹೆಂಗಿದ್ರೂ ತವರಿಗೆ ಹೋಗ್ಬೇಕಲ್ಲ."

ಟೇಪು ಸರಕ್ಕನೆ ಒಳಸೇರಿತು. ಆಕೆ ದಡದಡ ಇಳಿದು ಹೋದರು.

ಆಂಟಿ ನನಗೆ ಬೆರಳು ತೋರಿಸಿದರು. "ಶ್ರಾವಣಕ್ಕೆ ಹೋಗ್ತೀಯೋ, ಇರ್ತೀಯೋ? ಈಗ್ಲೇ ಹೇಳು. ಬರೀಬೇಡ."

ಒಂದು ವಾರ ಟೈಮ್ ಕೊಡಿ ಅನ್ನಬೇಕೆಂದಿದ್ದೆ. ಅಷ್ಟರಲ್ಲಿ ಅವ್ವ, "ಇರ್ತೇವ್ರಿ. ಎಲ್ಲೂ ಹೋಗೂದಿಲ್ಲ," ಅಂದಳು.

ಆಂಟಿ ನನ್ನ ಮುಖ ನೋಡಿದರು. ಇನ್ನೊಂದು ಮಳೆಗಾಲ ಅವ್ವ ಈ ಮೆಟ್ಟಿಲು ಹತ್ತಿ ಇಳಿಯಲಾರಳೆಂದು ನನಗೆ ಗೊತ್ತಿತ್ತು.

ಆದರೂ, "ಹೂಂ ಆಂಟಿ, ಇರ್ತೀವಿ," ಎಂದೆ.