ಫಾರ್ಮಿನಲ್ಲಿ ಬರೆದ ಮೂರು ದಿನ

ವೀರ್ಯ ಪರೀಕ್ಷೆಯ ರಿಪೋರ್ಟಿನಲ್ಲಿ ಕೌಂಟ್ ಎಂಬುದರ ಮುಂದೆ ‘ಲೋ’ ಎಂದಿತ್ತು. ಕಾರಿನಲ್ಲಿ ಕೂತು ಎರಡು ಸಲ ಓದಿದೆ. ಎಸಿ ಹಾಕುವುದೂ ಮರೆತಿತ್ತು.

ಮಗುವಿಗಾಗಿ ಆರು ವರ್ಷ ಕಾದಿದ್ದೆವು.

“ಅಶ್ವಗಂಧ ತಗೊಂಡು ನೋಡಿ,” ಎಂದಳು ಹೆಂಡತಿ ಸುಧಾ. ನಾನು ಸ್ಟ್ಯಾಟಿಸ್ಟಿಕ್ಸ್ ಓದಿದವನು. ಸಿಕ್ಕಿದ ಸಂಶೋಧನಾ ಲೇಖನಗಳನ್ನೆಲ್ಲ ಓದಿದೆ. ಕೌಂಟ್ ಏರಿದೆ ಎಂದವು ಇದ್ದವು. ಆದರೆ ಗುಂಪುಗಳು ಚಿಕ್ಕವು, ಅವಧಿ ಕಡಿಮೆ, ಕೊನೆಗೆ ಮಗು ಹುಟ್ಟಿತೇ ಎಂದು ಕೇಳಿದವರು ಅಪರೂಪ. ಇಷ್ಟು ತಿಳಿದೂ, ನಾವಿರುವ ಈ ಕೊಲ್ಲಿ ದೇಶದ ಸೆಗಯಾ ಬಡಾವಣೆಯ ಆಯುರ್ವೇದ ಅಂಗಡಿಗೆ ಹೋದೆ.

ಡಬ್ಬಿಯ ಸಣ್ಣ ಅಕ್ಷರ ಓದುತ್ತ ನಿಂತಿದ್ದೆ. ಅಂಗಡಿಯ ಹಮೀದ್ ಪುತ್ತೂರಿನವರು. “ಎಂತ ಸಾರ್, ಓದಿದವರಿಗೆ ಡೌಟೇ ಜಾಸ್ತಿ. ಕುದುರೆ ಪೇಪರ್ ಓದಿ ಓಡ್ತದಾ ಮಾರಾಯ್ರೇ?”

ಮೂರು ತಿಂಗಳು ಪುಡಿಯನ್ನು ಹಾಲಿಗೆ ಹಾಕಿ ಕುಡಿದೆ. ಮತ್ತೆ ಟೆಸ್ಟ್.

ನಾರ್ಮಲ್.

ನಾನು ಗಟ್ಟಿಯಾಗಿ ನಕ್ಕೆ. ಇನ್ನೆರಡು ಡಬ್ಬಿ ತಂದೆ.

ಡಾಕ್ಟರ್ ಮಾತ್ರ ನಗಲಿಲ್ಲ. ಸ್ಯಾಂಪಲ್ ಕೊಡುವ ಮುಂಚೆ ಗಂಡ ಹೆಂಡತಿ ಎಷ್ಟು ದಿನ ದೂರವಿದ್ದಿರಿ ಎಂದು ಲ್ಯಾಬಿನ ಫಾರ್ಮ್ ಕೇಳುತ್ತದೆ. ಎರಡರಲ್ಲೂ ನಾನು ‘ಮೂರು’ ಎಂದು ಬರೆದಿದ್ದೆ. “ದಿನ ಹೆಚ್ಚಾದರೆ ಕೌಂಟೂ ಏರುತ್ತೆ. ಸರಿಯಾಗಿ ನೆನಪಿದೆಯಾ?” ಎಂದರು.

ಇರಲಿಲ್ಲ. ನೆನಪಿನಿಂದ ಬರೆದೆನೋ, ಲ್ಯಾಬಿಗೆ ಬೇಕಾದ ಸರಿಯುತ್ತರ ಅದೇ ಎಂದು ಬರೆದೆನೋ, ಈಗ ಎಷ್ಟು ಕೆದಕಿದರೂ ನನ್ನದೇ ಕೈಬರಹದ ‘ಮೂರು’ ಬಿಟ್ಟು ಬೇರೇನೂ ಸಿಗುತ್ತಿಲ್ಲ. ಬೇರೆಯವರ ಸಂಶೋಧನೆಯಲ್ಲಿ ಹುಳುಕು ಹುಡುಕಿದವನ ಸ್ವಂತ ಪ್ರಯೋಗ ಇದು.

ಜಿಂಜ್ ಬಡಾವಣೆಯ ನಮ್ಮ ಫ್ಲಾಟಿಗೆ ಬಂದು ಸುಧಾಳನ್ನು ಕೇಳಿದೆ. ಸೊಪ್ಪು ಬಿಡಿಸುತ್ತಿದ್ದಳು.

“ಮೊದಲ ಸಲ ಮೂರೇ. ಎರಡನೇ ಸಲ ಹತ್ತು,” ಎಂದಳು. “ತಂಗಿ ಸೀಮಂತಕ್ಕೆ ದಾವಣಗೆರೆಗೆ ಹೋಗಿದ್ನಲ್ರೀ. ವಾಪಸ್ ಬಂದ ದಿನ ಏರ್‌ಪೋರ್ಟಿಂದ ನನ್ನನ್ನ ಮನೆಗೆ ಬಿಟ್ಟು ಸೀದಾ ಲ್ಯಾಬಿಗೆ ಹೋದ್ರಿ.”

“ಗೊತ್ತಿದ್ದೂ ಹೇಳಲಿಲ್ವಾ?”

“ನೀವು ನಗ್ತಾ ಇದ್ರಿ.”

ಮೂರನೆಯ ಟೆಸ್ಟಿಗೆ ಅವಳೂ ಬಂದಳು. ಸರಿಯಾಗಿ ಮೂರು ದಿನ ಎಣಿಸಿ ಫಾರ್ಮ್ ತುಂಬಿದ್ದು ಅವಳೇ. ಕೌಂಟ್ ಮತ್ತೆ ಲೋ. ಐವಿಎಫ್ ಬಗ್ಗೆ ಡಾಕ್ಟರ್ ಹೇಳಿದರು, ಭರವಸೆ ಕೊಡಲಿಲ್ಲ. ಪುಡಿ ನಿಲ್ಲಿಸಿದ್ದೇನೆ. ಮಗು ಆಗಲಾರದು ಎಂದೇ ನನ್ನ ಅಂದಾಜು.

ಹಿಂತಿರುಗುವಾಗ ರಿಪೋರ್ಟನ್ನು ಅವಳು ಗಟ್ಟಿಯಾಗಿ ಓದಿದಳು. ಒಂದೂ ಸಾಲು ಬಿಡಲಿಲ್ಲ. ಈ ಸಲ ನಾವಿಬ್ಬರೂ ಒಂದೇ ಸಂಖ್ಯೆಯನ್ನು ನಂಬಿದೆವು.